ಹೆಗಲಪಟ್ಟಿಯ ಕೂಟಶಾಸನ

ಶಬ್ದಕ್ಕೂ ವಸ್ತುವಿಗೂ ಇರುವ ನಂಟು ಕಡಿದುಹೋದಾಗ ಮೊದಲು ಹುಟ್ಟುವುದು ಗೊಂದಲ, ಅನಂತರ ವ್ಯಾಪಾರ, ಕೊನೆಗೆ ಮೋಸ. ಈ ಮೂರೂ ಒಂದೇ ಎಡೆಯಲ್ಲಿ ನೆಲೆಸಿರುವುದನ್ನು ನೋಡಬೇಕೆಂದಿದ್ದರೆ ಹಳೆಯ ಸೈನಿಕ ರೈಫಲ್‌ಗಳನ್ನು ಸಂಗ್ರಹಿಸುವವರ ಲೋಕಕ್ಕೆ ಒಮ್ಮೆ ಹೋಗಿ ಬರಬೇಕು. ಅಲ್ಲಿ "ಒರಿಜಿನಲ್ ಫ್ಯಾಕ್ಟರಿ ಸ್ಲಿಂಗ್" ಎಂಬ ಮೂರು ಪದಗಳು ಮಂತ್ರದಂತೆ ಚಲಾವಣೆಯಲ್ಲಿವೆ. ಈ ಮಂತ್ರವನ್ನು ಉಚ್ಚರಿಸಿದ ಮಾತ್ರಕ್ಕೆ ಒಂದು ಮಾಸಿದ ಪಟ್ಟಿಯ ಬೆಲೆ ಹಲವು ಪಟ್ಟು ಏರುತ್ತದೆ. ಸೈನ್ಯಕ್ಕೆಂದು ತಯಾರಾದ ರೈಫಲ್‌ಗಳ ಮಟ್ಟಿಗೆ ಈ ಮಾತಿಗೆ ಅರ್ಥವೇ ಇಲ್ಲ. ಇಲ್ಲದ ಅರ್ಥವನ್ನು ತುಂಬಲು ಹೊರಟವರು ಇರುವ ಚರಿತ್ರೆಯನ್ನು ಕೆಡಿಸುತ್ತಿದ್ದಾರೆ. ಇದು ನನ್ನ ಆರೋಪ. ಅದನ್ನು ಸಾಧಿಸಿ ತೋರಿಸುವುದು ಈ ಲೇಖನದ ಉದ್ದೇಶ.

ಚರಿತ್ರೆಯ ಮೇಷ್ಟ್ರಿಗೂ ಬಂದೂಕಿನ ಪಟ್ಟಿಗೂ ಏನು ಸಂಬಂಧವೆಂದು ಕೇಳುವವರಿಗೆ ಎರಡು ಮಾತು. ಪಾಠ ಹೇಳುವುದರ ಜೊತೆಗೆ ನಾನು ಬಹುಕಾಲ ಶಾಲೆಯ ಎನ್.ಸಿ.ಸಿ. ಅಧಿಕಾರಿಯೂ ಆಗಿದ್ದೆ. .303 ರೈಫಲ್ ನನ್ನ ಹೆಗಲಿಗೂ ನನ್ನ ಹುಡುಗರ ಹೆಗಲಿಗೂ ಹೊಸದಲ್ಲ. ಆ ಹುಡುಗರಲ್ಲೊಬ್ಬ ಈಗ ಅಮೆರಿಕದಲ್ಲಿದ್ದಾನೆ. ನಮ್ಮ ಇಶಾಪುರದಲ್ಲಿ ತಯಾರಾದ ರೈಫಲೊಂದನ್ನು ಅಲ್ಲಿ ಕೊಂಡು, "ಸಾರ್, ಇದಕ್ಕೆ ಫ್ಯಾಕ್ಟರಿಯಿಂದ ಬಂದ ಒರಿಜಿನಲ್ ಸ್ಲಿಂಗ್ ಬೇಕಾಗಿದೆ. ಒಬ್ಬ ವ್ಯಾಪಾರಿ ಇದೆ ಅಂತಾನೆ, ಆದರೆ ರೇಟು ಜಾಸ್ತಿ. ತಗೊಳ್ಳಲೇ?" ಎಂದು ಕೇಳಿ ಬರೆದಿದ್ದ. ಅವನಿಗೆ ಬರೆದ ಉತ್ತರ ಒಂದು ಪುಟದಲ್ಲಿ ಮುಗಿಯಲಿಲ್ಲ. ಮುಗಿಯದೆ ಉಳಿದದ್ದು ಇಲ್ಲಿದೆ.

ಪಟ್ಟಿ ಎಲ್ಲಿ ಹುಟ್ಟುತ್ತದೆ?

ಸ್ಲಿಂಗ್ ಎಂದರೆ ಹೆಗಲಪಟ್ಟಿ. ರೈಫಲಿನ ಮುಂಭಾಗದಲ್ಲೊಂದು, ಬುಡದ ಕಡೆಗೊಂದು ಲೋಹದ ಬಳೆಯಿರುತ್ತದೆ. ಆ ಎರಡರ ನಡುವೆ ಈ ಪಟ್ಟಿಯನ್ನು ಪೋಣಿಸುತ್ತಾರೆ. ಸಿಪಾಯಿಯು ನಡೆಯುವಾಗ ನಾಲ್ಕು ಕಿಲೋ ಭಾರವನ್ನು ಕೈಯಿಂದ ಹೆಗಲಿಗೆ ವರ್ಗಾಯಿಸುವುದು ಅದರ ಮೊದಲ ಕೆಲಸ. ಗುರಿಯಿಡುವಾಗ ತೋಳಿಗೆ ಬಿಗಿದು ಕೈ ನಡುಗದಂತೆ ಮಾಡುವುದು ಎರಡನೆಯದು. ಅಮೆರಿಕದ ಸೈನ್ಯ 1907ರಲ್ಲಿ ಅಂಗೀಕರಿಸಿದ ಚರ್ಮದ ಸ್ಲಿಂಗ್ ಈ ಎರಡನೆಯ ಕೆಲಸವನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು. ಅದರಲ್ಲಿ ಎರಡು ತುಂಡು ಪಟ್ಟಿ, ಸಾಲಾಗಿ ಜೋಡಿ ರಂಧ್ರಗಳು, ರಂಧ್ರಗಳಿಗೆ ಸಿಕ್ಕಿಸಲು ಹಿತ್ತಾಳೆಯ ಕೊಕ್ಕೆಗಳು. ಬ್ರಿಟಿಷರ ಮತ್ತು ಅವರ ಮೂಲಕ ನಮ್ಮ ಸೈನ್ಯದ ಸ್ಲಿಂಗ್ ಇನ್ನೂ ಸರಳ. ನವಾರದಂತೆ, ಆದರೆ ಅದಕ್ಕಿಂತ ಬಹಳ ಒತ್ತಾಗಿ ನೇಯ್ದ ದಪ್ಪ ನೂಲಿನ ಪಟ್ಟಿ, ಎರಡು ತುದಿಗಳಿಗೆ ಹಿತ್ತಾಳೆಯ ಕಟ್ಟು, ಅಷ್ಟೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಪಟ್ಟಿಯನ್ನು ರೈಫಲ್ ಕಾರ್ಖಾನೆ ತಯಾರಿಸುತ್ತಿತ್ತೇ? ಸಾಮಾನ್ಯವಾಗಿ ಇಲ್ಲ. ಉಕ್ಕನ್ನು ಕೊರೆದು ನಳಿಕೆ ಮಾಡುವವನು ನೂಲು ನೇಯುವುದಿಲ್ಲ, ತೊಗಲು ಹದಮಾಡುವುದಿಲ್ಲ. ಲೀ-ಎನ್‌ಫೀಲ್ಡ್ ರೈಫಲ್‌ಗಳು ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆಯಲ್ಲಿ, 1912ರಲ್ಲಿ ಆರಂಭವಾದ ಆಸ್ಟ್ರೇಲಿಯದ ಲಿತ್ಗೋ ಕಾರ್ಖಾನೆಯಲ್ಲಿ, ನಮ್ಮ ಬಂಗಾಳದ ಇಶಾಪುರದಲ್ಲಿ ತಯಾರಾದವು. ನೂಲಿನ ಪಟ್ಟಿಗಳಾದರೋ ಲಂಡನ್ನಿನ ಮಿಲ್ಸ್ ಇಕ್ವಿಪ್‌ಮೆಂಟ್ ಕಂಪನಿಯಂಥ ನೇಯ್ಗೆಯ ಸಂಸ್ಥೆಗಳಿಂದ ಬಂದವು. ಮೊದಲನೆಯ ಮಹಾಯುದ್ಧದಲ್ಲಿ ಮಿಲ್ಸ್ ಕಂಪನಿಯ ಮಗ್ಗಗಳು ಬೇಡಿಕೆಯನ್ನು ಪೂರೈಸಲಾರದೆ ಹೋದಾಗ ಬ್ರಿಟಿಷ್ ಸೈನ್ಯ 1914ರ ಮಾದರಿಯೆಂಬ ಹೆಸರಿನಲ್ಲಿ ಚರ್ಮದ ಸಾಮಗ್ರಿಯನ್ನೇ ಮಾಡಿಸಿಕೊಳ್ಳಬೇಕಾಯಿತು. ಒಂದೇ ರೈಫಲಿಗೆ ಒಂದು ಕಡೆ ನೂಲು, ಇನ್ನೊಂದು ಕಡೆ ತೊಗಲು. ಯಾವುದು ಸಿಕ್ಕಿತೋ ಅದು.

ನಮ್ಮ ದೇಶದ ಭೂಪಟವನ್ನೇ ನೋಡಿ. ರೈಫಲ್ ಕಾರ್ಖಾನೆ 1904ರಲ್ಲಿ ಸ್ಥಾಪನೆಯಾದದ್ದು ಹೂಗ್ಲಿ ನದಿಯ ದಂಡೆಯ ಇಶಾಪುರದಲ್ಲಿ. ಸೈನ್ಯದ ತೊಗಲಿನ ಕೆಲಸದ ಕೇಂದ್ರವಾಗಿ ಬೆಳೆದದ್ದು ಗಂಗೆಯ ದಂಡೆಯ ಕಾನ್ಪುರ. ಅಲ್ಲಿನ ಸರ್ಕಾರಿ ಜೀನು-ಸರಂಜಾಮು ಕಾರ್ಖಾನೆ ಹತ್ತೊಂಬತ್ತನೆಯ ಶತಮಾನದ್ದು. ಎರಡರ ನಡುವೆ ನೂರಾರು ಮೈಲಿ. ಅಮೆರಿಕದಲ್ಲಿಯೂ ಇದೇ ಕಥೆ. ಎರಡನೆಯ ಮಹಾಯುದ್ಧದ ಕಾಲದ ಗರ‍್ಯಾಂಡ್ ರೈಫಲ್‌ಗಳನ್ನು ತಯಾರಿಸಿದವರು ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಕಾರ್ಖಾನೆ ಮತ್ತು ವಿಂಚೆಸ್ಟರ್ ಕಂಪನಿ. ಅವುಗಳ ಚರ್ಮದ ಸ್ಲಿಂಗ್‌ಗಳ ಮೇಲಿರುವುದು ಬಾಯ್ಟ್, ಮಿಲ್ಸ್‌ಕೋ, ಹಿಕಾಕ್ ಮುಂತಾದ ಹೆಸರುಗಳು. ಇವರೆಲ್ಲ ಕುದುರೆಯ ಜೀನು, ಸರಂಜಾಮು, ನಡುಪಟ್ಟಿ ಇತ್ಯಾದಿ ತೊಗಲಿನ ಕಸುಬಿನವರು. ರಾಕ್ ಐಲೆಂಡ್ ಎಂಬ ಅಮೆರಿಕದ ಸರ್ಕಾರಿ ಕಾರ್ಖಾನೆಯಲ್ಲಿ ಮಾತ್ರ ಹಿಂದೊಮ್ಮೆ ರೈಫಲೂ ಆಗುತ್ತಿತ್ತು, ಸ್ಲಿಂಗೂ ಆಗುತ್ತಿತ್ತು. ಅಲ್ಲಿಯೂ ಇವೆರಡೂ ಬೇರೆಬೇರೆ ಸಾಮಾನುಗಳೇ. ಇಂಥ ರೈಫಲಿಗೆ ಇಂಥದೇ ಪಟ್ಟಿ ಎಂಬ ಲಗ್ನಪತ್ರಿಕೆ ಬರೆದಿಟ್ಟವರು ಯಾರೂ ಇಲ್ಲ.

ನಾಗರಿಕರಿಗೆ ಮಾರಲೆಂದೇ ತಯಾರಾಗಿ, ಕಂಪನಿಯ ಪೆಟ್ಟಿಗೆಯೊಳಗೆ ಸ್ಲಿಂಗ್ ಸಮೇತ ಅಂಗಡಿಗೆ ಬಂದ ರೈಫಲ್‌ಗಳ ವಿಷಯ ಬೇರೆ. ಅಲ್ಲಿ "ಫ್ಯಾಕ್ಟರಿ ಸ್ಲಿಂಗ್" ಎಂಬ ಮಾತಿಗೆ ಅರ್ಥವಿದೆ, ಪೆಟ್ಟಿಗೆಯೂ ರಸೀದಿಯೂ ಸಾಕ್ಷಿ ಹೇಳಬಲ್ಲವು. ಆ ಲೋಕದ ಮಾತನ್ನು ಯುದ್ಧಭೂಮಿಯಿಂದ ಬಂದ ರೈಫಲಿಗೆ ಅಂಟಿಸಿದ್ದೇ ಮೊದಲ ಅಪಚಾರ.

ಕೋತ್‌ನ ದಫ್ತರವನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಕೋತ್ ಎಂದರೆ ಶಸ್ತ್ರಾಗಾರ, ಎನ್.ಸಿ.ಸಿ.ಯಲ್ಲಿದ್ದವರಿಗೆ ತಿಳಿದ ಶಬ್ದ. ಅಲ್ಲಿ ಪ್ರತಿಯೊಂದು ರೈಫಲಿಗೂ ನಂಬರು. ಬೀಗ ಹಾಕುವ ಮೊದಲು ಒಂದೊಂದನ್ನೂ ಓದಿ ಗುರುತು ಹಾಕಿಕೊಳ್ಳಬೇಕು. ಸ್ಲಿಂಗ್‌ಗಳಿಗೆ ಬೇರೆಯೇ ಸಾಲು, ಅದರಲ್ಲಿ ನಂಬರಿಲ್ಲ, ಬರೀ ಸಂಖ್ಯೆ. ಜನವರಿ 26ರ ಕವಾಯತಿಗೆ ಮುಂಚೆ ಪಟ್ಟಿಗಳನ್ನೆಲ್ಲ ಬಿಚ್ಚಿ ಒಗೆದು ಒಣಗಿಸುತ್ತಿದ್ದೆವು. ಬ್ರಾಸೋ ಡಬ್ಬಿ ಮುಗಿದಾಗ ಹುಡುಗರು ಹುಣಸೆಹಣ್ಣು ಬೂದಿ ಹಚ್ಚಿ ಹಿತ್ತಾಳೆಯ ತುದಿಗಳನ್ನು ಬೆಳಗುತ್ತಿದ್ದರು. ಒಣಗಿದ ಮೇಲೆ ರಾಶಿಯಿಂದ ಯಾವ ಪಟ್ಟಿ ಕೈಗೆ ಬಂತೋ ಅದು ಯಾವ ರೈಫಲ್ ಎದುರಿಗಿತ್ತೋ ಅದಕ್ಕೆ. ನಿನ್ನೆ ಹನ್ನೆರಡನೆಯ ರೈಫಲಿನಲ್ಲಿದ್ದದ್ದು ಇವತ್ತು ಮೂವತ್ತನೆಯದರಲ್ಲಿ. ಸವೆದದ್ದನ್ನು ಕೊಟ್ಟರೆ ಬೇರೆ ಬರುತ್ತಿತ್ತು. ಕ್ರಮಬದ್ಧತೆಯೇ ಪ್ರಾಣವಾದ ವ್ಯವಸ್ಥೆಯಲ್ಲಿಯೇ ಪಟ್ಟಿಗೂ ರೈಫಲಿಗೂ ಇದ್ದ ನಂಟು ಇಷ್ಟು. ಹೀಗಿರುವಾಗ ಶತಮಾನ ದಾಟಿದ ರೈಫಲೊಂದರ "ಮೂಲ ಕಾರ್ಖಾನೆಯ ಪಟ್ಟಿ" ನನ್ನ ಬಳಿಯಿದೆ ಎನ್ನುವವನನ್ನು ಏನೆಂದು ಕರೆಯೋಣ?

ಮುದ್ರೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹಾಗಾದರೆ ಹಳೆಯ ಸ್ಲಿಂಗ್‌ಗೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಪಟ್ಟಿಯನ್ನು ಓದಬಲ್ಲವನಿಗೆ ಅದೊಂದು ಚಿಕ್ಕ ಶಾಸನ. ಮಿಲ್ಸ್ ಕಂಪನಿಯ ಪಟ್ಟಿಯ ಮೇಲೆ "ಎಂ.ಇ.ಕೋ." ಎಂಬ ಅಕ್ಷರಗಳೂ ಇಸವಿಯೂ ಇರುತ್ತವೆ. ಸರ್ಕಾರದ ಸ್ವತ್ತೆಂದು ಸಾರುವ ಬಾಣದ ಗುರುತು ಬ್ರಿಟಿಷ್ ಸಾಮ್ರಾಜ್ಯದ ಒಂದೊಂದು ದೇಶದಲ್ಲಿ ಒಂದೊಂದು ವೇಷ ತೊಟ್ಟಿತು. ಕೆನಡಾದ್ದು "ಸಿ" ಅಕ್ಷರದ ಹೊಟ್ಟೆಯೊಳಗೆ ಬಾಣ. ಆಸ್ಟ್ರೇಲಿಯದ್ದು ಎರಡು "ಡಿ"ಗಳ ನಡುವೆ ಬಾಣ. ನಮ್ಮದರಲ್ಲಿ ಬಾಣದ ಜೊತೆಗೆ "ಐ" ಅಕ್ಷರ. ಅಮೆರಿಕದ ಚರ್ಮದ ಸ್ಲಿಂಗ್‌ಗಳ ಕೊಕ್ಕೆ ಎರಡನೆಯ ಮಹಾಯುದ್ಧದ ನಡುವೆ ಹಿತ್ತಾಳೆಯಿಂದ ಉಕ್ಕಿಗೆ ಬದಲಾಯಿತು. ಕಾಡತೂಸಿಗೆ ಬೇಕಾದ ಹಿತ್ತಾಳೆಯನ್ನು ಕೊಕ್ಕೆಗೆ ವ್ಯಯ ಮಾಡುವುದು ಯಾರಿಗೂ ಬೇಡವಾಗಿತ್ತು. ಒಂದು ಕೊಕ್ಕೆಯ ಲೋಹ ಇಡೀ ದೇಶದ ಯುದ್ಧಕಾಲದ ಅರ್ಥವ್ಯವಸ್ಥೆಯನ್ನು ಹೇಳುತ್ತದೆ! ಇದಲ್ಲವೇ ಚರಿತ್ರೆಯ ಸೊಗಸು?

ಆದರೆ ಆ ಶಾಸನ ಹೇಳುವುದು ತನ್ನ ಹುಟ್ಟನ್ನು ಮಾತ್ರ. 1942ರ ಮುದ್ರೆಯಿದ್ದರೆ ಆ ಪಟ್ಟಿ 1942ರದು ಎನ್ನಬಹುದು. ಅದು 1942ರ ರೈಫಲಿನ ಜೊತೆಗಿತ್ತು ಎನ್ನುವಂತಿಲ್ಲ. ಉಕ್ಕಿನ ಆಯುಷ್ಯ ದೀರ್ಘ, ನೂಲಿನ ಆಯುಷ್ಯ ಅಲ್ಪ. ಮಳೆ, ಬೆವರು, ಬಿಸಿಲು, ಬೂಷ್ಟು ಇವು ಪಟ್ಟಿಯನ್ನು ತಿಂದುಹಾಕುವ ವೇಗದಲ್ಲಿ ನಳಿಕೆಯನ್ನು ತಿನ್ನುವುದಿಲ್ಲ. 1917ರ ರೈಫಲ್ ಎರಡನೆಯ ಯುದ್ಧಕ್ಕೂ ಹೋಗಿತ್ತೆಂದಾದರೆ ಅದರ ಮೇಲೆ 1942ರ ಪಟ್ಟಿಯಿರುವುದೇ ಸಹಜ, ಅದೇ ಸತ್ಯ. 1917ರ ರೈಫಲಿನ ಮೇಲೆ ನೂಲಿನ ಎಳೆಯೂ ಮಾಸದ 1917ರ ಪಟ್ಟಿಯಿದ್ದರೆ ನನ್ನಂಥವನು ಸಂತೋಷಪಡುವುದಿಲ್ಲ, ಸಂಶಯಪಡುತ್ತಾನೆ.

"ಸರಿಪಡಿಸುವ" ಹುಚ್ಚು

ಎರಡನೆಯ ಅಪಚಾರ ಇದಕ್ಕಿಂತ ಘೋರ. ಸಂಗ್ರಾಹಕರಲ್ಲಿ ಒಂದು ಪಂಥವಿದೆ. ತಮ್ಮ ರೈಫಲನ್ನು "ಸರಿಪಡಿಸುವುದು" ಅವರ ವ್ರತ. ಅದು ಕಾರ್ಖಾನೆಯ ಬಾಗಿಲನ್ನು ದಾಟಿದ ದಿನ ಹೇಗಿತ್ತೋ ಹಾಗೆ ಕಾಣಬೇಕು. ಆಮೇಲೆ ಬಂದು ಸೇರಿದ್ದೆಲ್ಲ ಮೈಲಿಗೆ. ರೈಫಲಿನ ಜೊತೆಗೆ ಬಂದ ಪಟ್ಟಿಯನ್ನು ಬಿಚ್ಚಿ ಬಿಸಾಡಿ, "ಸರಿಯಾದ" ಇಸವಿಯ ಪಟ್ಟಿಯನ್ನು ಕೊಂಡು ತಂದು ಪೋಣಿಸಿ, ಚಿತ್ರ ತೆಗೆದು ಮೀಸೆ ತಿರುವುತ್ತಾರೆ.

ಇವರನ್ನು ಒಮ್ಮೆ ಬೇಲೂರಿಗೆ ಕರೆದೊಯ್ಯಬೇಕೆನಿಸುತ್ತದೆ. ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಇಂದು ನಾವು ಹಾದು ಒಳಗೆ ಹೋಗುವ ಗೋಪುರ ವಿಜಯನಗರದ ಕಾಲದ್ದು. 1397ರಲ್ಲಿ ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ್ದು. ಹೊಯ್ಸಳರದಲ್ಲವೆಂದು ಅದನ್ನು ಕೆಡವೋಣವೇ? ಕೆಡವಿ, ಹೊಯ್ಸಳರ ಶೈಲಿಯ ಹೊಸ ಗೋಪುರವನ್ನು ಕಟ್ಟಿ, "ಮೂಲ ಗೋಪುರ" ಎಂದು ಫಲಕ ಹಾಕೋಣವೇ? ಹಾಗೆ ಮಾಡಿದರೆ ಉಳಿಯುವುದು 1117 ಅಲ್ಲ. 1397 ಮಾತ್ರ ಹೋಗಿರುತ್ತದೆ. ಬಿದ್ದದ್ದನ್ನು ಎತ್ತಿ ನಿಲ್ಲಿಸಿದವರ ಕಥೆಯೇ ಅಳಿಸಿಹೋಗಿರುತ್ತದೆ.

ರೈಫಲ್‌ಗಳಿಗೂ ಇಂಥ ಎರಡನೆಯ, ಮೂರನೆಯ ಜನ್ಮಗಳುಂಟು. ರಷ್ಯಾದ ಕಾರ್ಖಾನೆಗಳಲ್ಲಿ ತಯಾರಾದ ಮೊಸಿನ್-ನಾಗಾಂತ್ ರೈಫಲ್‌ಗಳು ಫಿನ್ಲೆಂಡಿನವರ ಕೈಸೇರಿ, "ಎಸ್.ಎ." ಎಂಬ ಅವರ ಸೈನ್ಯದ ಮುದ್ರೆ ಹೊತ್ತು, ರಷ್ಯಾದ ವಿರುದ್ಧವೇ ಹೋರಾಡಿದವು. ಜರ್ಮನಿಯ ಮೌಸರ್‌ಗಳನ್ನು ಗೆದ್ದುಕೊಂಡ ಸೋವಿಯತ್ ಸೈನ್ಯ ಯುದ್ಧಾನಂತರ ಅವನ್ನು ಬಿಚ್ಚಿ, ತೊಳೆದು, ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ ದಾಸ್ತಾನಿನಲ್ಲಿಟ್ಟಿತು. ನಮ್ಮ ಇಶಾಪುರದ ಕಥೆಯೂ ಕಡಿಮೆಯದಲ್ಲ. 1962ರ ಚೀನಾ ಯುದ್ಧದ ಪೆಟ್ಟಿನ ಬಳಿಕ, ಸ್ವಯಂಚಾಲಿತವಾಗಿ ಗುಂಡು ತುಂಬಿಕೊಳ್ಳುವ ಹೊಸ ರೈಫಲ್‌ಗಳು ಸಾಕಷ್ಟು ಸಿಗುವವರೆಗಿನ ಕೊರತೆಯನ್ನು ತುಂಬಲು, ಹಳೆಯ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ 7.62 ಮಿ.ಮೀ. ಕಾಡತೂಸಿಗೆ ಹೊಂದಿಸಿ 2ಎ ಮತ್ತು 2ಎ1 ಎಂಬ ಮಾದರಿಗಳನ್ನು ಅಲ್ಲಿ ತಯಾರಿಸಿದರು. ನನ್ನ ಶಿಷ್ಯನ ಬಳಿ ಇರುವುದು ಈ ಎರಡನೆಯದು. ಅದರ ಜೊತೆಗೆ ಬಂದದ್ದು ಒರಟು ನೇಯ್ಗೆಯ, ಬಣ್ಣಗೆಟ್ಟ ದೇಶೀ ನೂಲಿನ ಪಟ್ಟಿ. ವ್ಯಾಪಾರಿ ತೋರಿಸುತ್ತಿರುವುದು ನಯವಾದ, ಅಚ್ಚುಕಟ್ಟಾದ, ಬ್ರಿಟಿಷ್ ಮುದ್ರೆಯ ಪಟ್ಟಿ. ಅವಮಾನದಿಂದೆದ್ದ ಬಡದೇಶವೊಂದು ತನ್ನ ಕೈಯಲ್ಲಿದ್ದುದರಿಂದಲೇ ರೂಪಿಸಿಕೊಂಡ ಆಯುಧಕ್ಕೆ ಆ ಒರಟು ಪಟ್ಟಿಗಿಂತ ಒಪ್ಪುವ ಆಭರಣ ಯಾವುದಿದೆ? ಅದನ್ನು ಬಿಚ್ಚಿ ಎಸೆಯುವುದು ಸರಿಪಡಿಸುವುದಲ್ಲ, ಸಾಕ್ಷಿನಾಶ.

ಕೂಟಶಾಸನಗಳು

ಮೂರನೆಯದು ಅಪಚಾರವಲ್ಲ, ಅಪರಾಧ. ಬೇಡಿಕೆ ಹೆಚ್ಚಿ ಸರಕು ಕಡಿಮೆಯಾದಾಗ ಸರಕನ್ನು ಹುಟ್ಟಿಸುವವರು ಹುಟ್ಟುತ್ತಾರೆ.

ಶಾಸನಶಾಸ್ತ್ರದಲ್ಲಿ ಕೂಟಶಾಸನವೆಂಬ ಮಾತಿದೆ. ರಾಜನು ಕೊಡದ ದಾನವನ್ನು ಕೊಟ್ಟನೆಂದು ಯಾರೋ ಆಮೇಲೆ ಕೊರೆಸಿಟ್ಟ ಖೋಟಾ ತಾಮ್ರಪಟ ಅದು. ನಮ್ಮ ತಲಕಾಡಿನ ಗಂಗರ ತಾಮ್ರಶಾಸನಗಳ ವಿಷಯದಲ್ಲಿ ಬಿ.ಎಲ್. ರೈಸ್ ಮತ್ತು ಜೆ.ಎಫ್. ಫ್ಲೀಟ್ ಅವರ ನಡುವೆ ನಡೆದ ದೀರ್ಘ ವಿವಾದ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತ. ಇವುಗಳಲ್ಲಿ ಹಲವು ಖೋಟಾ ಎಂದು ಫ್ಲೀಟ್, ಅಲ್ಲವೆಂದು ರೈಸ್. ಯಾರು ಎಷ್ಟು ಸರಿಯೆಂಬುದು ಇಲ್ಲಿ ಮುಖ್ಯವಲ್ಲ. ಲಿಪಿಯು ಕಾಲಕ್ಕೆ ಒಪ್ಪುತ್ತದೆಯೇ, ತಿಥಿ ಕೂಡುತ್ತದೆಯೇ, ವಂಶಾವಳಿ ಹೊಂದುತ್ತದೆಯೇ ಎಂದು ಪ್ರಶ್ನಿಸುವ ಶಿಸ್ತನ್ನು ಆ ಜಗಳ ನಮಗೆ ಕಲಿಸಿತು. ಆ ಶಿಸ್ತು ಪಟ್ಟಿಗೂ ಸಲ್ಲುತ್ತದೆ.

ಖೋಟಾ ಪಟ್ಟಿಯ ತಯಾರಿಕೆ ಗೂಢವಿದ್ಯೆಯೇನಲ್ಲ. ಹೊಸ ಪ್ರತಿಕೃತಿಯೊಂದನ್ನು ಕೊಳ್ಳುವುದು, ಚಹಾದಲ್ಲಿಯೋ ಕಾಫಿಯಲ್ಲಿಯೋ ನೆನೆಸುವುದು, ಬಿಸಿಲಿಗೆ ಹಾಕುವುದು, ಮಣ್ಣಿನಲ್ಲಿ ಹೂಳುವುದು, ಕೊನೆಗೆ ಒಂದು ಹಳೆಯ ಇಸವಿಯ ಮುದ್ರೆಯನ್ನೊತ್ತುವುದು. ಜರ್ಮನಿಯ ಸ್ಲಿಂಗ್‌ಗಳಲ್ಲಿ ತಯಾರಕನ ಹೆಸರಿನ ಬದಲು ಅಕ್ಷರಗಳ ಸಂಕೇತ ಮತ್ತು ಹದ್ದಿನ ಮುದ್ರೆ ಇರುತ್ತಿತ್ತಾದ್ದರಿಂದ ಅಲ್ಲಿ ಈ ಕಸುಬು ಇನ್ನೂ ಸುಲಭ, ಲಾಭವೂ ಹೆಚ್ಚು. ನಾತ್ಸಿಗಳ ಹದ್ದು ಕೂತ ಚರ್ಮದ ಚೂರಿಗೆ ಅಷ್ಟು ಹಣ ಸುರಿಯುವ ಜನ ಇರುವುದೇ ಒಂದು ದುಃಖದ ಸಂಗತಿ. ಆ ಹದ್ದೂ ಸುಳ್ಳೆಂದರೆ ಏನು ಹೇಳುವುದು?

ಪರೀಕ್ಷೆಗಳೂ ಗೂಢವಲ್ಲ. ಹೊಲಿಗೆಯಿಂದ ಹೊರಬಂದ ಒಂದು ಎಳೆಯನ್ನು ಕಿಡಿಗೆ ಹಿಡಿದು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಕತ್ತಲಲ್ಲಿ ಅತಿನೇರಳೆ ದೀಪವನ್ನು ಹಿಡಿದರೆ, ಈಚಿನ ಬಟ್ಟೆ ಮತ್ತು ನೂಲುಗಳಿಗೆ ಸೇರಿಸುವ ಹೊಳಪಿನ ರಾಸಾಯನಿಕಗಳು ನೀಲಿಯಾಗಿ ಬೆಳಗುತ್ತವೆ. ಹಾಗೆ ಬೆಳಗಿದ ಮಾತ್ರಕ್ಕೆ ತೀರ್ಪು ಕೊಡಬಾರದು, ಈಚೆಗೆ ಯಾರೋ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಬೆಳಗೀತು. ಆದರೆ ಪ್ರಶ್ನೆ ಕೇಳಲು ಅಷ್ಟು ಸಾಕು. ಇನ್ನು ತೊಗಲು. ತೊಗಟೆಯಲ್ಲಿ ಹದಮಾಡಿದ ತೊಗಲು ಕತ್ತರಿಸಿದ ಅಂಚಿನಲ್ಲಿಯೂ ಒಳಗೆಲ್ಲ ಕಂದಾಗಿರುತ್ತದೆ. ಕಾನ್ಪುರದಲ್ಲಿ ಜಾಲಿಯ ತೊಗಟೆ, ನಮ್ಮ ದಕ್ಷಿಣದಲ್ಲಿ ತಂಗಡಿಯ ತೊಗಟೆ, ಹೀಗೆ ಈ ಹದದ ವಿದ್ಯೆ ನಮ್ಮಲ್ಲಿ ಹಳೆಯದು. ಕ್ರೋಮ್ ಉಪ್ಪಿನಲ್ಲಿ ಹದಮಾಡಿದ್ದರೆ ಅಂಚಿನ ನಡುವೆ ನೀಲಿ-ಬೂದು ಬಣ್ಣದ ಗೆರೆ ಇಣುಕುವುದುಂಟು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸವೆತ. ಬಳೆಯಲ್ಲಿ ಮಡಿಸಿದ ಕಡೆ, ಹೆಗಲಿಗೆ ಉಜ್ಜಿದ ಕಡೆ ಸವೆದು, ಮಡಿಕೆಯ ಒಳಗೆ ಮೂಲ ಬಣ್ಣ ಉಳಿದಿರಬೇಕು. ಹಿತ್ತಾಳೆ ತೊಗಲಿಗೆ ತಾಗಿದ ಕಡೆ ಜಿಡ್ಡಿನೊಂದಿಗೆ ಸೇರಿ ಹಸಿರು ಕಿಲುಬು ಕಟ್ಟಿರಬೇಕು. ಎಲ್ಲ ಕಡೆಯೂ ಸಮನಾಗಿ ಮಾಸಿದ ಪಟ್ಟಿಗೆ ವಯಸ್ಸಾಗಿಲ್ಲ, ಅದು ವೇಷ ಹಾಕಿದೆ.

ಕೂಟಶಾಸನ ರಚಿಸಿದವನಿಗೆ ಮನುಸ್ಮೃತಿ ವಧೆಯನ್ನೇ ವಿಧಿಸುತ್ತದೆ. ನಾನು ಅಷ್ಟು ದೂರ ಹೋಗಲಾರೆ. ಆದರೆ ಅವನನ್ನು "ಚಾಣಾಕ್ಷ ವ್ಯಾಪಾರಿ" ಎಂದು ನಕ್ಕು ಬಿಡುವುದಕ್ಕೂ ನಾನು ಸಿದ್ಧನಿಲ್ಲ.

ಪ್ರತಿಕೃತಿ ಮಾಡುವವನು ಕಳ್ಳನಲ್ಲ

ಇಲ್ಲೊಂದು ಎಚ್ಚರ ಬೇಕು. ಖೋಟಾ ಪಟ್ಟಿಗಳ ಮಾತು ಬಂದೊಡನೆ ಪಾಶ್ಚಾತ್ಯ ಸಂಗ್ರಾಹಕರಲ್ಲಿ ಕೆಲವರು "ಅದು ಇಂಡಿಯಾ ಮಾಲು" ಎಂದು ಮೂಗು ಮುರಿಯುತ್ತಾರೆ. ಪ್ರತಿಕೃತಿಗಳಲ್ಲಿ ಅನೇಕವು ಭಾರತದಲ್ಲಿ ತಯಾರಾಗುವುದು ನಿಜ. ತಯಾರಿಸಿದವನು ಅದನ್ನು ಹೊಸದೆಂದೇ ಕಳುಹಿಸುತ್ತಾನೆ, ಹೊಸದರ ಬೆಲೆಯನ್ನೇ ಪಡೆಯುತ್ತಾನೆ. ಅವನು ಮಾಡಿದ್ದು ಕೆಲಸ. ಅದನ್ನು ಚಹಾದಲ್ಲಿ ನೆನೆಸಿ 1916 ಎಂದು ಕರೆದವನು ಮಾಡಿದ್ದು ವಂಚನೆ. ಮೊದಲನೆಯವನ ದೇಶದ ಹೆಸರನ್ನು ಎರಡನೆಯವನ ಪಾಪಕ್ಕೆ ಅಂಟಿಸುವುದು ಅನ್ಯಾಯ.

ಪ್ರತಿಕೃತಿಯ ಅಗತ್ಯವೂ ಇದೆ. ಎಂಬತ್ತು ವರ್ಷದ ತೊಗಲು ಒಣಗಿ, ಹೊಲಿಗೆ ಕೊಳೆತು, ಮಡಿಸಿದಲ್ಲಿ ಪುಡಿಯಾಗುವಂತಿರುತ್ತದೆ. ಅದಕ್ಕೆ ಭಾರವಾದ ರೈಫಲನ್ನು ನೇತುಹಾಕಿ ನಡೆಯುವುದು ಪಟ್ಟಿಗೂ ಅಪಾಯ, ಹೊತ್ತವನಿಗೂ ಅಪಾಯ. ಶೂಟಿಂಗ್ ಪಂದ್ಯಕ್ಕೋ ಪ್ರದರ್ಶನದ ಕವಾಯತಿಗೋ ಹೋಗುವವನು ಹೊಸ ಪಟ್ಟಿಯನ್ನೇ ಬಳಸಲಿ, ಹಳೆಯದು ಮನೆಯಲ್ಲಿ ವಿಶ್ರಾಂತಿ ಪಡೆಯಲಿ. ನನ್ನ ಬೇಡಿಕೆ ಒಂದೇ: ಪ್ರತಿಕೃತಿಯ ಮೇಲೆ ಅದನ್ನು ತಯಾರಿಸಿದವನ ಗುರುತೂ ತಯಾರಾದ ಇಸವಿಯೂ ಅಳಿಸಲಾಗದಂತೆ ಒತ್ತಿರಲಿ. ಇದು ಅಸಾಧ್ಯವೇನಲ್ಲ. ಅಮೆರಿಕದಲ್ಲಿ 1973ರಷ್ಟು ಹಿಂದೆಯೇ ಹವ್ಯಾಸಗಳ ರಕ್ಷಣೆಗೆಂದು ಒಂದು ಕಾನೂನು ಬಂತು. ಅದರ ಪ್ರಕಾರ ಅನುಕರಣೆಯ ನಾಣ್ಯದ ಮೇಲೆ "ನಕಲು" ಎಂದೂ, ಅನುಕರಣೆಯ ಚುನಾವಣಾ ಬಿಲ್ಲೆಯ ಮೇಲೆ ತಯಾರಾದ ಇಸವಿಯನ್ನೂ ಮೂಡಿಸಲೇಬೇಕು. ನಾಣ್ಯ ಸಂಗ್ರಹಿಸುವವನಿಗೆ ಸಿಕ್ಕ ಈ ರಕ್ಷಣೆ ಸೈನಿಕ ಸಾಮಗ್ರಿ ಸಂಗ್ರಹಿಸುವವನಿಗೆ ಇಲ್ಲ. ಏಕಿರಬಾರದು?

ಎದುರುವಾದಗಳು

"ಅವರ ಹಣ, ಅವರ ಹುಚ್ಚು, ನಿಮಗೇನು ನಷ್ಟ?" ಎಂದು ಕೇಳಬಹುದು. ನಮ್ಮ ದೇಶದಲ್ಲಿ .303 ನಿಷೇಧಿತ ಬೋರ್. ಸಾಮಾನ್ಯ ನಾಗರಿಕ ಅದನ್ನು ಸಂಗ್ರಹಕ್ಕೆಂದು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಈ ಮಾರುಕಟ್ಟೆ ಇರುವುದು ಬಹುಪಾಲು ಕಡಲಾಚೆ. ಆದರೂ ನಷ್ಟ ನನ್ನದೂ ಹೌದು. ಈ ವಸ್ತುಗಳಲ್ಲಿ ಒಂದು ಭಾಗ ನಮ್ಮ ನೆಲದಲ್ಲಿ, ನಮ್ಮವರ ಕೈಯಲ್ಲಿ ತಯಾರಾದದ್ದು. ಅದರ ನಿಜಕಥೆ ಕೆಟ್ಟರೆ ಕೆಡುವುದು ನಮ್ಮ ಚರಿತ್ರೆಯ ಪುಟ.

"ಬೇಕೆಂದಾಗ ಮತ್ತೆ ಹಳೆಯ ಪಟ್ಟಿಯನ್ನು ಹಾಕಿದರಾಯಿತು, ಇದೇನು ನಳಿಕೆ ಕೊಯ್ದ ಹಾಗೆಯೇ?" ಎನ್ನುವವರೂ ಇದ್ದಾರೆ. ಬಿಚ್ಚಿದ ಪಟ್ಟಿಯನ್ನು ಚೀಟಿ ಕಟ್ಟಿ ತೆಗೆದಿಟ್ಟವರಿಗೆ ಈ ಮಾತು ಸಲ್ಲುತ್ತದೆ. ಅದನ್ನು ಬೇರೊಬ್ಬನಿಗೆ ಮಾರಿದ ಮರುಕ್ಷಣವೇ ಎರಡು ವಸ್ತುಗಳೂ ಅನಾಥ. ಯಾವ ರೈಫಲಿನ ಜೊತೆ ಯಾವ ಪಟ್ಟಿ ಎಲ್ಲಿಂದ ಬಂತೆಂಬ ಮಾಹಿತಿ ಯಾವ ಅಂಗಡಿಯಲ್ಲೂ ಮತ್ತೆ ಸಿಗುವುದಿಲ್ಲ.

"ತಜ್ಞರು ನೋಡಿ ಹೇಳುತ್ತಾರಲ್ಲ?" ಎಂಬುದು ಮೂರನೆಯದು. ತಜ್ಞನೇ ಮಾರಾಟಗಾರನೂ ಆಗಿರುವ ಪೇಟೆಯಲ್ಲಿ ಈ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಓದುಗರೇ ನಿರ್ಧರಿಸಲಿ.

ಹೆಸರಿಲ್ಲದ ಕೈಗಳು

ಕೊನೆಯದಾಗಿ ನನ್ನ ಸಿಟ್ಟಿನ ಮೂಲವನ್ನೂ ಹೇಳಿಬಿಡುತ್ತೇನೆ. ರೈಫಲಿನ ವಿನ್ಯಾಸಕ್ಕೆ ಹೆಸರಿದೆ. ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಹೆಸರು ಶತಮಾನ ಕಳೆದರೂ ಅದಕ್ಕೆ ಅಂಟಿಕೊಂಡಿದೆ. ಪಟ್ಟಿಯನ್ನು ಮಾಡಿದವನಿಗೆ ಹೆಸರಿಲ್ಲ. ಕಾನ್ಪುರದಲ್ಲಿ ತೊಗಲನ್ನು ಸುಣ್ಣದ ಗುಂಡಿಯಲ್ಲಿ ಅದ್ದಿ, ಕೂದಲು ಕೆರೆದು, ತೊಗಟೆಯ ರಸದಲ್ಲಿ ವಾರಗಟ್ಟಲೆ ನೆನೆಯಿಸಿ, ಕೊಯ್ದು, ಹೊಲಿದವರು ಯಾರು? ಬಹುಮಟ್ಟಿಗೆ ಸಮಾಜ ಅಸ್ಪೃಶ್ಯರೆಂದು ಹೊರಗಿಟ್ಟ ಜನ ಮತ್ತು ಬಡ ಮುಸಲ್ಮಾನರು. ಅವರು ಮುಟ್ಟಿದ ನೀರನ್ನು ಕುಡಿಯದವರು ಅವರು ಹೊಲಿದ ಪಟ್ಟಿಯನ್ನು ಹೆಗಲಿಗೇರಿಸಿಕೊಂಡು ಎರಡು ಮಹಾಯುದ್ಧಗಳಿಗೆ ಹೋದರು. ಆ ಕೈಗಳು ಈ ಲೋಕದಲ್ಲಿ ಉಳಿಸಿಹೋದ ಸಹಿ ಎಂದರೆ ಆ ಹೊಲಿಗೆಯ ಗೆರೆ ಮಾತ್ರ. ಖೋಟಾ ಪಟ್ಟಿ ಆ ಸಹಿಯನ್ನು ನಕಲು ಮಾಡುತ್ತದೆ. "ಸರಿಪಡಿಸುವ" ಹುಚ್ಚು ಆ ಸಹಿಯನ್ನು ಕಸದಬುಟ್ಟಿಗೆ ಹಾಕುತ್ತದೆ. "ಒರಿಜಿನಲ್ ಫ್ಯಾಕ್ಟರಿ" ಎಂಬ ಮಂತ್ರವಂತೂ ಅಂಥ ಕೈಗಳು ಇದ್ದವೆಂಬುದನ್ನೇ ಮರೆಸಿ ಎಲ್ಲವನ್ನೂ ರೈಫಲ್ ಕಾರ್ಖಾನೆಯ ಲೆಕ್ಕಕ್ಕೆ ಬರೆಯುತ್ತದೆ.

ನಮ್ಮವರೂ ನಿರಪರಾಧಿಗಳಲ್ಲ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ .303 ರೈಫಲಿಗೆ ಗೌರವದ ವಿದಾಯ ಹೇಳಿದರು, ಸಂತೋಷ. 2021ರಲ್ಲಿ ಆರ್ಡನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳನ್ನಾಗಿ ಮಾಡಿದಾಗ ಇಶಾಪುರದ ರೈಫಲ್ ಕಾರ್ಖಾನೆ ಒಂದು ಕಂಪನಿಗೆ, ಕಾನ್ಪುರದ ತೊಗಲಿನ ಕಾರ್ಖಾನೆಯ ವಾರಸುದಾರ ಸಂಸ್ಥೆ ಇನ್ನೊಂದಕ್ಕೆ ಸೇರಿದವು. ಪಟ್ಟಿ ಮತ್ತು ರೈಫಲ್ ಎಂದೂ ಒಂದೇ ಮನೆಯ ಮಕ್ಕಳಲ್ಲವೆಂಬುದಕ್ಕೆ ಇದಕ್ಕಿಂತ ಸರ್ಕಾರಿ ದಾಖಲೆ ಬೇಕೇ? ಹಳೆಯ ಪಟ್ಟಿಗಳು ಗುಜರಿಗೆ ಹೋಗುವಾಗ ಮಾತ್ರ ವಿದಾಯದ ಕಹಳೆ ಊದುವವರಿಲ್ಲ, ಒಂದನ್ನಾದರೂ ಚೀಟಿ ಬರೆದು ತೆಗೆದಿಡುವವರೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಮಾತನ್ನು ಶುದ್ಧಿಮಾಡೋಣ. ರೈಫಲಿನೊಂದಿಗೆ ಬಂದದ್ದಾದರೆ "ಜೊತೆಗೆ ಬಂದದ್ದು" ಎನ್ನೋಣ. ಆಮೇಲೆ ತಂದು ಸೇರಿಸಿದ್ದಾದರೆ, ಅದು ಎಷ್ಟೇ ಹಳೆಯದಾಗಿರಲಿ, "ಅದೇ ಕಾಲದ್ದು, ಆದರೆ ಬೇರೆಯದು" ಎನ್ನೋಣ. ಹೊಸದಾಗಿದ್ದರೆ "ಪ್ರತಿಕೃತಿ" ಎನ್ನೋಣ. ಈ ಮೂರು ಮಾತುಗಳಿಂದ ಯಾರ ಸಂಗ್ರಹವೂ ಬಡವಾಗುವುದಿಲ್ಲ. ಎರಡನೆಯದಾಗಿ, ಪಟ್ಟಿಗೊಂದು ಚೀಟಿ ಕಟ್ಟಿಡಿ. ಯಾರಿಂದ ಬಂತು, ಎಂದು ಬಂತು, ಯಾವ ನಂಬರಿನ ರೈಫಲಿನ ಮೇಲಿತ್ತು, ಮುದ್ರೆ ಏನಿದೆ, ಎಲ್ಲಿ ಸವೆದಿದೆ. ಐದು ಸಾಲು ಸಾಕು. ಮೂರನೆಯದಾಗಿ, ಬರೀ ಬಾಯಿಮಾತಿನ ಮೇಲೆ ಹೆಚ್ಚು ಬೆಲೆ ಕೇಳುವವನಿಗೆ ಒಂದೇ ಪ್ರಶ್ನೆ ಹಾಕಿ: "ಯಾವ ಕಾರ್ಖಾನೆ, ಸ್ವಾಮಿ? ಕೊರೆದದ್ದೋ, ನೇಯ್ದದ್ದೋ, ಹೊಲಿದದ್ದೋ?" ಉತ್ತರ ಬರುವವರೆಗೆ ಹಣದ ಚೀಲದ ಬಾಯಿ ಕಟ್ಟಿರಲಿ.